ಮುಳುಗುವವರು ಓದಬೇಕಾದ ಪುಸ್ತಕ

ಹೋದ ವಾರ ನನ್ನ ತಂಗಿಯ ಮೊಮ್ಮಗಳು ಫೋನು ಮಾಡಿದ್ದಳು. ಕಾಲೇಜಿನವರೆಲ್ಲ ಸೇರಿ ಅಂಡಮಾನಿಗೆ ಹೋಗುತ್ತಾರಂತೆ. ಅಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಇಳಿಸುತ್ತಾರಂತೆ. "ದೊಡ್ಡಜ್ಜಿ, ನೀನು ಲೈಬ್ರರೀಲಿ ಇದ್ದೋಳಲ್ವಾ, ಸ್ಕೂಬಾ ಡೈವಿಂಗಿಗೆ ಹೋಗೋಕೆ ಮುಂಚೆ ಯಾವ ಪುಸ್ತಕ ಓದ್ಬೇಕು ಹೇಳು" ಎಂದಳು.

ಮೂವತ್ತು ವರ್ಷ ಜನರ ಕೈಗೆ ಪುಸ್ತಕ ಕೊಟ್ಟವಳು ನಾನು. ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ. ಪತ್ತೇದಾರಿ ಕಾದಂಬರಿ ಕೇಳಿ ಬಂದವರಿಗೆ ಅದು ಇಲ್ಲದಿದ್ದರೆ ಕೋಳಿ ಸಾಕಣೆಯ ಪುಸ್ತಕವನ್ನಾದರೂ ಕೊಟ್ಟು ಕಳಿಸಿದ್ದೇನೆ. ಆದರೆ ಅವಳಿಗೆ ಮಾತ್ರ "ಯೋಚನೆ ಮಾಡಿ ಹೇಳ್ತೀನಿ ಪುಟ್ಟಿ" ಎಂದು ಫೋನು ಇಟ್ಟುಬಿಟ್ಟೆ. ಆ ವಿಷಯದ ಒಂದೇ ಒಂದು ಪುಸ್ತಕ ನನಗೆ ಗೊತ್ತು. ಅದರ ಹೆಸರು ಗೊತ್ತಿಲ್ಲ. ಅದನ್ನು ಒಬ್ಬ ಮನುಷ್ಯನಿಗೆ ಓದಿ ಹೇಳಿದ್ದೆ, ಪೂರ್ತಿ ಓದದೆ.

ನೀರಿನ ಬಗ್ಗೆ ಇನ್ನೊಬ್ಬರಿಗೆ ಪಾಠ ಹೇಳುವ ಯೋಗ್ಯತೆ ನನಗೆ ಯಾವತ್ತೂ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮದು ಮಾಲೂರು ತಾಲ್ಲೂಕು, ಲಕ್ಕೂರಿನ ಪಕ್ಕದ ಊರು. ಬೇಸಿಗೆ ರಜೆಯಲ್ಲಿ ನನ್ನ ಅಣ್ಣಂದಿರು ತೋಟದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಹಗುರವಾದ ಆ ಬೆಂಡಿನ ಕಟ್ಟು ಅವರನ್ನು ಮುಳುಗದಂತೆ ಹಿಡಿದಿರುತ್ತಿತ್ತು. ದಿನಕ್ಕೊಂದು ಬೆಂಡು ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ ಬರಿ ಬೆನ್ನಲ್ಲಿ ಬಿಡುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ನನ್ನ ಕೆಲಸ ಮೆಟ್ಟಿಲ ಮೇಲೆ ಕುಳಿತು ಅವರ ಅಂಗಿ ಕಾಯುವುದು. ಯಾರಾದರೂ ಮುಳುಗಿದರೆ ಅವರು ಏಳುವವರೆಗೆ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ನೀರು ಮೊಣಕಾಲು ದಾಟಿದರೆ ಈಗಲೂ ನನಗೆ ತಲೆ ಸುತ್ತು ಬರುತ್ತದೆ. ಸಮುದ್ರವನ್ನು ನೋಡಿದ್ದು ಮೂವತ್ನಾಲ್ಕನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ, ಅದೂ ಸಾಕಷ್ಟು ದೂರದಿಂದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನನ್ನನ್ನು ಮುಳಬಾಗಿಲಿನ ಲೈಬ್ರರಿಗೆ ಹಾಕಿದರು. ಎರಡು ಕೋಣೆ, ಆರು ಬೀರು, ಒಂದು ಉದ್ದನೆಯ ಮೇಜು. ಓದುಗರಲ್ಲಿ ಮುಕ್ಕಾಲು ಪಾಲು ಬಸ್ಸಿಗೆ ಕಾಯುವವರು. ನಾನು ಮತ್ತು ಅಟೆಂಡರ್ ಖಾದರ್ ಸಾಬರು, ಇಬ್ಬರೇ ಸಿಬ್ಬಂದಿ. ಕೋಲಾರದ ಒಬ್ಬ ಹಳೆಯ ಎಂಜಿನಿಯರು ತೀರಿಕೊಂಡಾಗ ಅವರ ಮನೆಯವರು ಒಂದು ಟ್ರಂಕಿನ ತುಂಬ ಇಂಗ್ಲಿಷ್ ಪುಸ್ತಕ ದಾನ ಮಾಡಿದ್ದರು. ಅದರಲ್ಲಿ ಒಂದಕ್ಕೆ ರಟ್ಟೂ ಇರಲಿಲ್ಲ, ಮೊದಲ ಪುಟಗಳೂ ಇರಲಿಲ್ಲ, ಗೆದ್ದಲು ತಿಂದಿತ್ತು. ಒಳಗೆ ರಬ್ಬರಿನ ಉಡುಪು ತೊಟ್ಟು ಮುಖಕ್ಕೆ ಗಾಜು ಕಟ್ಟಿಕೊಂಡ ಬಿಳಿಯರ ಚಿತ್ರಗಳು. ನಾನು ರಿಜಿಸ್ಟರಿನಲ್ಲಿ "ಹೆಸರು ತಿಳಿಯದು, ನೀರಿನಲ್ಲಿ ಮುಳುಗುವ ವಿಷಯ" ಎಂದು ಬರೆದು ಅದನ್ನು ವಾಲಿಬಾಲ್ ಮತ್ತು ಚದುರಂಗದ ಪುಸ್ತಕಗಳ ನಡುವೆ ಸಿಕ್ಕಿಸಿದೆ. ಸಮುದ್ರಕ್ಕೆ ಇಷ್ಟು ದೂರದ, ಕೆರೆಯೂ ಮೂರು ವರ್ಷಕ್ಕೊಮ್ಮೆ ತುಂಬುವ ಊರಿನಲ್ಲಿ ಅದನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ.

ಒಂದು ಗುರುವಾರ ನಲವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ಅಮ್ಮಾ, ಕಿವಿ ನೋವಿಗೆ ಏನಾದ್ರೂ ಬುಕ್ಕು ಐತಾ?" ಎಂದ.

ಆಸ್ಪತ್ರೆ ಆ ಕಡೆ ಇದೆ ಎಂದೆ.

"ಹೋಗಿದ್ದೆ. ಬಾವಿಗೆ ಇಳೀಬೇಡ ಅಂದ್ರು ಡಾಕ್ಟ್ರು. ಅದು ನಂಗೂ ಗೊತ್ತೈತೆ. ಇಳಿದ್ರೂ ನೋವಾಗ್ದಂಗೆ ಏನ್ ಮಾಡ್ಬೇಕು ಅಂತ ಯಾರಾದ್ರೂ ಬರ್ದಿರ್ತಾರೇನೋ ಅಂತ ಬಂದೆ."

ಅವನ ಹೆಸರು ಗಂಗುಲಪ್ಪ. ಆವನಿಯಿಂದಾಚೆ ಒಂದು ಹಳ್ಳಿಯವನು. ಸ್ವಲ್ಪ ರಾಗಿ, ಸ್ವಲ್ಪ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆ ಹುಳು. ಬಾವಿಗೆ ಬಿದ್ದ ಬಿಂದಿಗೆ ಕೊಕ್ಕೆಗೆ ಸಿಗದಿದ್ದರೆ ಅವನನ್ನು ಕರೆಯುತ್ತಿದ್ದರು. ಮನುಷ್ಯರು ಬಿದ್ದಾಗಲೂ ಅವನನ್ನೇ ಕರೆಯುತ್ತಿದ್ದರು. ಸುತ್ತಿನ ಹಳ್ಳಿಗಳಲ್ಲಿ ಬಾವಿ ಹಾರಿದವರು, ಕಾಲು ಜಾರಿದವರು, ಯಾರೇ ಆಗಲಿ, ಪೊಲೀಸರು ಜೀಪು ಕಳಿಸುತ್ತಿದ್ದುದು ಅವನ ಮನೆಗೆ. ಇಪ್ಪತ್ತೈದು ವರ್ಷದಲ್ಲಿ ಎಷ್ಟು ಜನರನ್ನು ಮೇಲೆ ತಂದಿದ್ದ ಎಂದು ನಾನು ಒಮ್ಮೆ ಕೇಳಿದೆ. "ಅದನ್ನೆಲ್ಲ ಎಣಿಸ್ಬಾರ್ದಮ್ಮ. ಒಂದೊಂದು ಮುಖ ನೆನಪೈತೆ, ಸಾಕು" ಎಂದ.

ನಾನು ವಾಲಿಬಾಲಿನ ಪಕ್ಕದಿಂದ ಆ ಪುಸ್ತಕ ತೆಗೆದೆ. ಕಿವಿಯ ಬಗ್ಗೆ ಒಂದು ಅಧ್ಯಾಯವೇ ಇತ್ತು. ಆಳಕ್ಕೆ ಹೋಗುತ್ತ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಬೇಕು, ನೋವು ಶುರುವಾಗುವ ಮೊದಲೇ ಮಾಡಬೇಕು, ನೆಗಡಿಯಿದ್ದರೆ ಇಳಿಯಲೇಬಾರದು. ಕನ್ನಡದಲ್ಲಿ ಹೇಳಿದೆ. ಅವನು ಅಲ್ಲೇ ನಿಂತು ಮೂಗು ಹಿಡಿದು ನೋಡಿದ.

ಮುಂದಿನ ಗುರುವಾರ ಟವೆಲಿನ ಗಂಟಿನಲ್ಲಿ ಅವರೆಕಾಯಿ ತಂದು ಮೇಜಿನ ಮೇಲಿಟ್ಟ. "ಟಪ್ ಅಂತ ತೆರ್ಕೊಂತಮ್ಮ ಕಿವಿ. ಇಷ್ಟ್ ವರ್ಷ ಯಾರೂ ಹೇಳ್ಲಿಲ್ಲ ನೋಡು. ನೀನು ಒಂದ್ ಪುಟ ಓದಿ ಹೇಳ್ಬಿಟ್ಟೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಆವತ್ತಿನಿಂದ ನನಗೆ ತಲೆ ತಿರುಗಿತು. ನೀವೇ ಯೋಚಿಸಿ, ಲೈಬ್ರರಿಯವಳಿಗೆ ಯಾರು ಬಂದು ಹೀಗೆ ಹೇಳುತ್ತಾರೆ? ನಾನು ಕೊಟ್ಟ ಪುಸ್ತಕದಿಂದ ಒಬ್ಬ ಮನುಷ್ಯನ ಮೈಯ ನೋವು ಹೋಗಿತ್ತು. ಗುರುವಾರಗಳಿಗೆ ಕಾಯತೊಡಗಿದೆ. ಆ ದಿನ ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದೆ ಎಂದರೆ ನಗಬೇಡಿ. ಬೊಂಬಾಯಿಯ ದೊಡ್ಡ ಪ್ರೊಫೆಸರರ ಹಾಗೆ ಕನ್ನಡಕ ಏರಿಸಿಕೊಂಡು, ಪುಟ ತಿರುವಿ, ಒಂದೊಂದು ವಾಕ್ಯಕ್ಕೂ ನನ್ನದೊಂದು ವ್ಯಾಖ್ಯಾನ ಸೇರಿಸಿ ಹೇಳುತ್ತಿದ್ದೆ. ಸಿಲಿಂಡರಿನ ಚಿತ್ರ ನೋಡಿ ಅವನು "ವೆಲ್ಡಿಂಗ್ ಅಂಗಡೀದು ಇದ್ದಂಗೈತೆ" ಎಂದ. ಶಾರ್ಕ್ ಮೀನಿನ ಅಧ್ಯಾಯ ತುಂಬ ಸ್ವಾರಸ್ಯವಾಗಿತ್ತು, ಇಂಗ್ಲಿಷೂ ಸುಲಭ. ಅದಕ್ಕೆ ಎರಡು ಗುರುವಾರ ಕೊಟ್ಟೆ. "ನಮ್ ಬಾವೀಲಿ ಏಡಿ ಬಿಟ್ರೆ ಏನೂ ಇಲ್ಲಮ್ಮ" ಎಂದು ಅವನು ಮೆಲ್ಲಗೆ ಹೇಳಿದರೂ ನಾನು ಬಿಡಲಿಲ್ಲ.

ಒಬ್ಬನೇ ಇಳಿಯಬಾರದು ಎಂದು ಪುಸ್ತಕ ಮತ್ತೆ ಮತ್ತೆ ಹೇಳುತ್ತಿತ್ತು. ಗಂಗುಲಪ್ಪ ನಕ್ಕ. "ಜೊತೆಗೆ ಯಾರ್ ಬತ್ತಾರೆ? ಹೆಣ ತೆಗ್ಯಕ್ಕೆ ಬಾರೋ ಅಂದ್ರೆ ನನ್ ತಮ್ಮ ನಾರಾಯಣಪ್ಪನೂ ಹೊಲದ್ ಕಡೆ ಹೋಗ್ತಾನೆ." ಹಾಗಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಮೇಲೆ ಯಾರಾದರೂ ಹಿಡಿದುಕೊಳ್ಳಲಿ ಎಂದೆ. ಮುಂದಿನ ವಾರ ಹೆಂಡತಿಯನ್ನು ಕರೆತಂದ. ವೆಂಕಟಲಕ್ಷ್ಮಮ್ಮ, ಎತ್ತರದ ಹೆಂಗಸು, ಮಾತು ಕಡಿಮೆ. ಒಂದು ಸಲ ಎಳೆದರೆ ಕ್ಷೇಮ, ಎರಡು ಸಲ ಎಳೆದರೆ ಹಗ್ಗ ಇನ್ನಷ್ಟು ಸಡಿಲ ಬಿಡು, ಮೂರು ಸಲ ಎಳೆದರೆ ಮೇಲೆ ಎಳೆದುಕೋ ಎಂದು ಹೇಳಿಕೊಟ್ಟೆ. ಅವಳು ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

"ಅವರು ಎಳೀಲೇ ಇಲ್ಲ ಅಂದ್ರೆ?"

ಪುಸ್ತಕ ನೋಡಿ ಹೇಳಿದೆ: "ನೀವೇ ಒಂದು ಸಲ ಎಳೆದು ನೋಡಬೇಕು. ಆ ಕಡೆಯಿಂದ ಉತ್ತರ ಬರದಿದ್ದರೆ ತಡಮಾಡದೆ ಮೇಲೆ ತರಬೇಕು."

ಸಿಲಿಂಡರ್ ಇಲ್ಲದೆ ಬರಿ ಉಸಿರು ಕಟ್ಟಿ ಮುಳುಗುವವರ ಅಧ್ಯಾಯ ಕೊನೆಗೆ ಬಂತು. ಅವನಿಗೆ ನಿಜವಾಗಿ ಬೇಕಾಗಿದ್ದುದು ಅದೊಂದೇ. ಅದರ ಮೊದಲ ಭಾಗದಲ್ಲಿ, ಇಳಿಯುವ ಮುಂಚೆ ಜೋರಾಗಿ ಹಲವು ಸಲ ಉಸಿರು ಎಳೆದು ಬಿಟ್ಟರೆ ನೀರಿನೊಳಗೆ ಹೆಚ್ಚು ಹೊತ್ತು ಇರಬಹುದು ಎಂದಿತ್ತು. ಓದಿ ಹೇಳಿದೆ. ಅದರ ಕೆಳಗಿನ ಒಂದೂವರೆ ಪುಟದಲ್ಲಿ ಅನಿಲಗಳ ಹೆಸರು, ಅಂಕಿ, ಏರಿಳಿಯುವ ಗೆರೆಗಳ ಒಂದು ನಕ್ಷೆ. ನಾನು ವಿಜ್ಞಾನ ಅರ್ಥವಾಗದೆ ಬಿ.ಎ.ಗೆ ಓಡಿಹೋದವಳು. ಎರಡು ವಾಕ್ಯ ಓದಿದೆ, ತಲೆಗೆ ಹತ್ತಲಿಲ್ಲ. ಗಂಗುಲಪ್ಪ ಆ ನಕ್ಷೆಯ ಮೇಲೆ ಬೆರಳಿಟ್ಟ.

"ಇದರಾಗೆ ಏನ್ ಬರ್ದವ್ರೆ?"

"ಅದು ಸಿಲಿಂಡರ್ ಇರೋರಿಗೆ. ನಿಮಗೆ ಬೇಡ" ಎಂದೆ.

ಅದು ಸುಳ್ಳು. ನನಗೆ ತಿಳಿಯಲಿಲ್ಲ ಎಂದು ಹೇಳಲು ನಾಚಿಕೆಯಾಗಿತ್ತು, ಅಷ್ಟೆ. ಅವನು ಬೆರಳು ತೆಗೆದ. ನಾನು ಪುಟ ತಿರುವಿದೆ.

ಆಮೇಲಿನ ಎರಡು ತಿಂಗಳು ಲೈಬ್ರರಿಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ. ಗಂಗುಲಪ್ಪ ಬೆಂಚಿನ ಮೇಲೆ ಕುಳಿತು ಬುಸುಬುಸು ಎಂದು ಇಪ್ಪತ್ತು ಸಲ ಉಸಿರಾಡಿ ಮೂಗು ಹಿಡಿಯುವನು. ನಾನು ಗೋಡೆ ಗಡಿಯಾರ ನೋಡಿ ಲೆಕ್ಕ ಹೇಳುವೆ. ಮೊದಲು ಒಂದು ನಿಮಿಷಕ್ಕೆ ಒದ್ದಾಡುತ್ತಿದ್ದವನು ಎರಡು ನಿಮಿಷಕ್ಕೆ ಬಂದ. ಬಸ್ಸಿಗೆ ಕಾಯುವವರು ಪತ್ರಿಕೆ ಮಡಚಿಟ್ಟು ನೋಡುತ್ತಿದ್ದರು. "ಎದೆ ಒದ್ದಾಡೋದೇ ಇಲ್ಲಮ್ಮ ಈಗ. ಸುಮ್ನೆ ಕುಂತಂಗಿರ್ತದೆ" ಎಂದು ಅವನು ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಾಘದ ಕೊನೆಯಲ್ಲಿ ಒಂದು ಬುಧವಾರ ಮಧ್ಯಾಹ್ನ ಖಾದರ್ ಸಾಬರು ಟೀ ತರಲು ಹೋದವರು ಲೋಟವಿಲ್ಲದೆ ಬಂದರು. "ಮೇಡಂ, ಗಂಗುಲಪ್ಪನ್ನ ಆಸ್ಪತ್ರೆಗೆ ತಂದವ್ರಂತೆ" ಎಂದರು. ಟೀ ಕಾಸು ಮೇಜಿನ ಮೇಲಿಟ್ಟು, "ಜೀವ ಇಲ್ವಂತೆ" ಎಂದರು.

ನಡೆದದ್ದು ಹೀಗೆ. ಪಕ್ಕದ ಹಳ್ಳಿಯಲ್ಲಿ ನೀರು ಸೇದಲು ಹೋದ ಒಬ್ಬ ಹೆಂಗಸು ಬಾವಿಗೆ ಬಿದ್ದಿದ್ದಳು. ಗಂಗುಲಪ್ಪನನ್ನು ಕರೆಸಿದರು. ಹಗ್ಗ ಕಟ್ಟಿಕೊಂಡು ಮೂರು ಸಲ ಇಳಿದ, ಸಿಗಲಿಲ್ಲ. ಪ್ರತಿ ಸಲವೂ ಕಲ್ಲಿನ ಮೇಲೆ ಕುಳಿತು ಉಸಿರೆಳೆದು ಬಿಟ್ಟು ಮತ್ತೆ ಇಳಿಯುತ್ತಿದ್ದ. ನಾಲ್ಕನೆಯ ಸಲ ತುಂಬ ಹೊತ್ತಾಯಿತು. ಕಟ್ಟೆಯ ಮೇಲಿದ್ದವರು ಅವನ ದಮ್ಮನ್ನು ಹೊಗಳುತ್ತಿದ್ದರು. ವೆಂಕಟಲಕ್ಷ್ಮಮ್ಮ ಹಗ್ಗವನ್ನು ಒಂದು ಸಲ ಎಳೆದಳು. ಉತ್ತರ ಬರಲಿಲ್ಲ. ಅವಳು ಮತ್ತು ಇನ್ನಿಬ್ಬರು ಸೇರಿ ಮೇಲೆಳೆದರು. ಮುಖದಲ್ಲಿ ಗಾಬರಿಯಾಗಲಿ ನೋವಾಗಲಿ ಇರಲಿಲ್ಲವಂತೆ. ಹೊಟ್ಟೆಯ ನೀರು ತೆಗೆದರು, ಅಂಗಾಲು ತಿಕ್ಕಿದರು. ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದು, ಅಲ್ಲಿಂದ ಲಾರಿಯಲ್ಲಿ ಮುಳಬಾಗಿಲಿಗೆ ತಂದರು.

ನಾನು ಹನ್ನೊಂದನೆಯ ದಿನ ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತಿದ್ದ ಮುದುಕರೊಬ್ಬರು ನನಗೆ ಜಾಗ ಮಾಡಿಕೊಟ್ಟು, "ಎಂಥ ವಿದ್ಯೆ ಕಲ್ಸಿದ್ರಮ್ಮ ನೀವು. ಬುಸುಬುಸು ಅಂತ ಉಸ್ರು ತಗೊಂಡು ಇಳಿದ್ರೆ ನೀರಾಗೇ ಮನೆ ಕಟ್ಟಂಗಿರ್ತಿದ್ದ. ಟೈಮ್ ಬಂದಿತ್ತು, ಹೋದ" ಎಂದರು. ಹೊಗಳಿಕೆಯ ಮಾತು ಅದು. ಆ ಬೆರಳು ನನ್ನ ಕಣ್ಣ ಮುಂದೆ ಬಂತು, ನಕ್ಷೆಯ ಮೇಲೆ ಇಟ್ಟಿದ್ದ ಬೆರಳು.

ವಾಪಸು ಬಂದವಳೇ ಲೈಬ್ರರಿಯ ಬೀಗ ತೆಗೆದು ನಿಘಂಟು ಪಕ್ಕಕ್ಕಿಟ್ಟುಕೊಂಡು ಆ ಒಂದೂವರೆ ಪುಟ ಓದಿದೆ. ಅರ್ಧ ತಿಳಿಯಿತು. ತಿಳಿದ ಅರ್ಧವೇ ಸಾಕಾಗಿತ್ತು. ಆದರೂ ಮಾರನೆಯ ದಿನ ರಜೆ ಹಾಕಿ ಕೋಲಾರಕ್ಕೆ ಹೋಗಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರನ್ನು ಹುಡುಕಿ ತೋರಿಸಿದೆ. ಅವರು ಎರಡು ನಿಮಿಷದಲ್ಲಿ ಓದಿ ಮುಗಿಸಿದರು.

"ಉಸಿರು ಬೇಕು ಅಂತ ಎದೆ ಒದ್ದಾಡುತ್ತಲ್ಲಮ್ಮ, ಅದು ಒಳ್ಳೆ ಗಾಳಿ ಮುಗೀತು ಅಂತಲ್ಲ, ಕೆಟ್ಟ ಗಾಳಿ ತುಂಬ್ಕೊಂತು ಅಂತ" ಎಂದರು. "ಇಳಿಯೋಕೆ ಮುಂಚೇನೇ ಕೆಟ್ಟ ಗಾಳಿನೆಲ್ಲ ಊದಿ ಹೊರಗೆ ಹಾಕಿಬಿಟ್ರೆ ಆ ಒದ್ದಾಟ ಬರೋದೇ ಇಲ್ಲ. ಒಳ್ಳೆ ಗಾಳಿ ಮುಗಿದಿರುತ್ತೆ, ಅವನಿಗೆ ಗೊತ್ತಾಗಲ್ಲ. ಹಾಗೇ ಎಚ್ಚರ ತಪ್ಪುತ್ತೆ. ಅದಕ್ಕೇ ಈ ಪುಸ್ತಕದವನು ಎರಡು ಮೂರು ಸಲಕ್ಕಿಂತ ಹೆಚ್ಚು ಹಾಗೆ ಉಸಿರಾಡಬಾರದು, ಒಂದು ಸಲ ಮೇಲೆ ಬಂದ್ಮೇಲೆ ಉಸಿರು ಮಾಮೂಲಿಗೆ ಬರೋವರೆಗೂ ಕೂತಿರಬೇಕು ಅಂತ ಬರೆದಿದಾನೆ. ಯಾಕೆ, ಲೈಬ್ರರೀಲಿ ಯಾರಾದ್ರೂ ಕೇಳಿದ್ರಾ?"

ಹೌದು ಎಂದೆ.

ಖಾದರ್ ಸಾಬರಿಗೆ ಮಾತ್ರ ವಿಷಯ ಹೇಳಿದೆ. ಅವರು ಗಡ್ಡ ಸವರಿಕೊಂಡರು. "ಮೇಡಂ, ಈ ತಾಲ್ಲೂಕಲ್ಲಿ ಆ ಬುಕ್ ಓದೋರು ಯಾರವ್ರೆ? ನೀವು ಹೇಳ್ದಿದ್ರೆ ಯಾರ್ಗೂ ಗೊತ್ತಾಗಲ್ಲ. ಆಯಮ್ಮಂಗೆ ಯಾಕೆ ಇನ್ನೊಂದು ಸಂಕಟ?" ಎಂದರು. ನನ್ನ ಮೇಲಿನ ಕನಿಕರದಿಂದ ಹೇಳಿದ ಮಾತು. ಮೂರು ವಾರ ಆ ಮಾತನ್ನೇ ಹಿಡಿದುಕೊಂಡು ಕುಳಿತೆ. ನನಗೆ ಬಹಳ ಅನುಕೂಲವಾದ ಮಾತಾಗಿತ್ತು ಅದು.

ಮೂರು ವಾರ ಕಳೆದ ಮೇಲೆ ಖಾದರ್ ಸಾಬರೇ ಇನ್ನೊಂದು ಸುದ್ದಿ ತಂದರು. ಅಣ್ಣನ ಕೆಲಸವನ್ನು ತಮ್ಮ ಮುಂದುವರಿಸಲಿ ಎಂದು ಪೊಲೀಸರು ನಾರಾಯಣಪ್ಪನ ಮನೆಗೆ ಹೇಳಿಕಳಿಸಿದ್ದರಂತೆ. ಅವನು ಅಣ್ಣನ ಹಾಗೆ ಉಸಿರು ಕಟ್ಟುವುದನ್ನು ಮನೆಯ ಬಾವಿಯಲ್ಲಿ ಕಲಿಯುತ್ತಿದ್ದಾನಂತೆ. ನಾನು ಆ ಕ್ಷಣವೇ ಪುಸ್ತಕ ತೆಗೆದುಕೊಂಡು ಬಸ್ಸು ಹತ್ತಿದೆ.

ವೆಂಕಟಲಕ್ಷ್ಮಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ತಟ್ಟೆಗಳ ತುಂಬ ಹುಳು ಸೊಪ್ಪು ಮೇಯುವ ಸದ್ದು. ನಾರಾಯಣಪ್ಪ ಒದ್ದೆ ತಲೆಯಲ್ಲಿ ಬಂದು ಬಾಗಿಲಲ್ಲಿ ನಿಂತ. ನಾನು ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಗಂಗುಲಪ್ಪ ಕೇಳಿದ್ದು, ನಾನು ಹೇಳಿದ ಸುಳ್ಳು, ಆ ಪುಟದಲ್ಲಿ ಇದ್ದದ್ದು. ಆಮೇಲೆ ಆ ಒಂದೂವರೆ ಪುಟವನ್ನು ಮೇಷ್ಟ್ರು ಬಿಡಿಸಿ ಹೇಳಿದ ಹಾಗೆ ಕನ್ನಡದಲ್ಲಿ ಓದಿದೆ. ಬಿಕ್ಕದೆ ಓದಬೇಕು ಎಂದುಕೊಂಡಿದ್ದೆ, ಹಾಗೇ ಓದಿದೆ.

ವೆಂಕಟಲಕ್ಷ್ಮಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಡಲಿಲ್ಲ.

"ಇಷ್ಟೇನಾ?" ಎಂದಳು.

"ಇಷ್ಟೇ."

"ಓದಕ್ಕೆ ಎಲೆ ಅಡಿಕೆ ಹಾಕ್ಕೊಳೋ ಹೊತ್ತೂ ಆಗ್ಲಿಲ್ವಲ್ಲ ಮೇಡಂ."

ಅವಳು ಬೈದಿದ್ದರೆ, ಎದೆ ಬಡಿದುಕೊಂಡು ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನನ್ನನ್ನು ಹಗುರ ಮಾಡುವ ಕೆಲಸ ಅವಳದಾಗಿರಲಿಲ್ಲ. ಮೈದುನನ ಕಡೆ ತಿರುಗಿ, "ಕೇಳಿಸ್ಕೊಂಡೇನ್ಲಾ?" ಎಂದಳು. ಅವನು ತಲೆಯಾಡಿಸಿದ. "ಬುಸುಬುಸು ಅನ್ನೋದು ಇವತ್ತಿಗೆ ಮುಗೀತು" ಎಂದಳು. ಆಮೇಲೆ ಮುಂದಿನ ತಟ್ಟೆಗೆ ಸೊಪ್ಪು ಹಾಕುತ್ತ, ನನ್ನ ಕಡೆ ನೋಡದೆ, "ಐದಕ್ಕೊಂದು ಬಸ್ ಐತೆ. ಅದು ಬಿಟ್ರೆ ಇಲ್ಲ" ಎಂದಳು.

ನಾನು ಹೊರಟು ಬಂದೆ. ಮತ್ತೆ ಆ ಊರಿಗೆ ಹೋಗಲಿಲ್ಲ. ಎಂಬತ್ತೆರಡರಲ್ಲೋ ಎಂಬತ್ಮೂರರಲ್ಲೋ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಹೊರಡುವಾಗ ಆ ಪುಸ್ತಕವನ್ನೂ ಕಾಗದಪತ್ರ ಮಾಡಿ ಜೊತೆಗೆ ವರ್ಗ ಮಾಡಿಸಿಕೊಂಡೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ಬೆಳಿಗ್ಗೆ ಲೈಬ್ರರಿಯ ಬಾಗಿಲಲ್ಲಿ ಒಬ್ಬ ಗಂಡಸು ಚಪ್ಪಲಿ ಬಿಡುತ್ತಿರುವುದು ಕಾಣಿಸಿತು. ನಾರಾಯಣಪ್ಪ. ತಲೆ ನರೆಯತೊಡಗಿತ್ತು. ಮಾವಿನ ಮಂಡಿಗೆ ಕಾಯಿ ತಂದಿದ್ದೆ ಎಂದ. ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದ.

ನಾನು ಧೈರ್ಯ ಮಾಡಿ, "ಬಾವಿಗೆ ಇಳೀತೀರಾ?" ಎಂದು ಕೇಳಿದೆ.

"ಎರಡು ವರ್ಷ ಇಳೀಲಿಲ್ಲ. ಆಮೇಲೆ ನಮ್ಮೂರ ಪಕ್ಕದಾಗೆ ಒಂದು ಹೆಣ್ಮಗು ಬಿದ್ದೋಯ್ತು. ಒಂದೂವರೆ ದಿನ ತೆಗ್ಯೋರು ಇರ್ಲಿಲ್ಲ. ಅದ್ರ ತಾಯಿ ಬಂದು ನಮ್ ವದಿನೆ ಕಾಲು ಹಿಡ್ಕೊಂಡು ಬಿಡ್ಲಿಲ್ಲ." ಅತ್ತಿಗೆಯನ್ನು ಅವರ ಮನೆಯಲ್ಲಿ ತೆಲುಗಿನಲ್ಲಿ ವದಿನೆ ಎಂದೇ ಕರೆಯುತ್ತಿದ್ದರು. "ವದಿನೆ ನನ್ನ ಕರ್ಕೊಂಡೋದ್ಳು. ಹಗ್ಗ ಅವಳೇ ಹಿಡ್ಕೊಂಡ್ಳು. ಒಂದೊಂದ್ಸಲ ಮೇಲ್ ಬಂದಾಗ್ಲೂ ಕಟ್ಟೆ ಮೇಲೆ ಕೂರ್ಸಿ ಮಾತಾಡಿಸ್ತಿದ್ಳು. ಹಸ ಎಷ್ಟ್ ಹಾಲು ಕೊಡ್ತು, ಯಾವ್ ಹೊಲದಾಗೆ ಕಳೆ ಐತೆ, ಅಂಗೆ. ಏದುಸಿರಿಲ್ದಂಗೆ ಮಾತು ಬರೋವರ್ಗೂ ಇಳಿಯಂಗಿಲ್ಲ ಅಂತ. ಈಗ್ಲೂ ಅಂಗೇ."

"ಮಗು ಸಿಕ್ಕಿತಾ?"

"ಐದನೇ ಸಲಕ್ಕೆ ಸಿಕ್ತು. ವದಿನೇನೇ ಸೆರಗಿನಾಗೆ ಸುತ್ತಿ ತಾಯಿ ಕೈಗೆ ಕೊಟ್ಳು."

ಹೊರಗೆ ಗಾಡಿಗಳ ಗದ್ದಲ. ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡ. ಹೇಳಬೇಕಾದದ್ದು ಇನ್ನೂ ಉಳಿದಿದೆ ಎಂದು ನನಗೆ ಗೊತ್ತಾಯಿತು.

"ಅತ್ತಿಗೆ ನನ್ನ ವಿಷಯ ಏನಾದರೂ ಹೇಳ್ತಾರಾ?" ಎಂದೆ.

"ಏನೂ ಹೇಳಲ್ಲ" ಎಂದ. "ಆದ್ರೆ ಶ್ರೀನಿವಾಸಪುರಕ್ಕೆ ಹೋಗ್ತಿದೀನಿ ಅಂದಾಗ ಒಂದ್ ಮಾತು ಕೇಳ್ಕೊಂಡ್ ಬಾ ಅಂದ್ಳು. ತಪ್ಪು ತಿಳ್ಕೋಬೇಡಿ ಮೇಡಂ. ಆ ಬುಕ್ಕಲ್ಲಿ ನೀವು ಓದ್ದೆ ಬಿಟ್ಟಿರೋದು ಇನ್ನೇನಾದ್ರೂ ಐತಾ ಅಂತ."

ಶಾರ್ಕಿನ ಅಧ್ಯಾಯ ಬಿಟ್ಟು ಉಳಿದದ್ದರಲ್ಲಿ ಎಲ್ಲೆಲ್ಲಿ ಸಾಲು ಹಾರಿಸಿದ್ದೆ, ಎಲ್ಲೆಲ್ಲಿ ತಿಳಿಯದ್ದಕ್ಕೆ ನನ್ನದೇ ಮಾತು ಸೇರಿಸಿದ್ದೆ, ನನಗೆ ನೆನಪಿರಲಿಲ್ಲ. ಬೀರುವಿನಿಂದ ಪುಸ್ತಕ ತೆಗೆದೆ, ನಿಘಂಟು ತೆಗೆದೆ, ಅವನಿಗೆ ಕುರ್ಚಿ ಎಳೆದು ಹಾಕಿದೆ. ಈ ಸಲ ಅವನು ಕುಳಿತುಕೊಂಡ. ಹತ್ತೂವರೆ ಗಂಟೆಯಾಗಿತ್ತು. ಉಳಿದಿದ್ದ ಮೊದಲ ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಲು ಶುರುಮಾಡಿದೆ. ತಿಳಿಯದ ಮಾತು ಬಂದಲ್ಲೆಲ್ಲ ನಿಲ್ಲಿಸಿ, ಇದು ನನಗೆ ಗೊತ್ತಿಲ್ಲ ಎಂದು ಅವನಿಗೆ ಹೇಳಿದೆ.